ಊಟದ ನಂತರ ಎರಡು ಚಮಚ

“ಏಳೋ ದತ್ತು, ಎಲೆ ಬಿಡು. ಎಂಟನೇ ಕ್ಲಾಸಿನ ಮಧ್ಯದಲ್ಲೇ ಎದ್ದು ಬಂದೋನು ನೀನು, ಊಟದ ಮಧ್ಯ ಏಳೋದು ನಿನಗೇನು ಹೊಸದಾ?”

ಹೀಗೆಂದವನು ದತ್ತುವಿನ ಅಕ್ಕನ ಗಂಡ ಸಿದ್ಧಲಿಂಗೇಶ. ಜಾಗ, ಜೀವನ್ ಬಿಮಾ ನಗರದ ಅವನ ಮನೆಯ ತಾರಸಿ. ಸಂದರ್ಭ, ಹೊಸದಾಗಿ ಕಟ್ಟಿಸಿದ ಮಹಡಿಯ ಗೃಹಪ್ರವೇಶ. ಕೇಳಿಸಿಕೊಂಡವರು, ಶಾಮಿಯಾನದ ಕೆಳಗೆ ಎರಡು ಸಾಲಾಗಿ ಕೂತಿದ್ದ ನಲವತ್ತೆರಡು ಮಂದಿ. ದತ್ತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಅಂಚು ಮುರಿದು, ಬಾಯಿ ತೆರೆದಿದ್ದ. ಬಾಯಿ ತೆರೆದಂತೆಯೇ ಉಳಿಯಿತು.

ಆದದ್ದು ಇಷ್ಟೆ. ಸಿದ್ಧಲಿಂಗೇಶನ ಆಫೀಸಿನ ಮ್ಯಾನೇಜರು ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಗಿ ಬಂದರು. ಪಂಕ್ತಿಯಲ್ಲಿ ಜಾಗವಿರಲಿಲ್ಲ. ಮ್ಯಾನೇಜರನ್ನು ನಿಲ್ಲಿಸುವಂತಿಲ್ಲ, ನಲವತ್ತೆರಡು ಜನರಲ್ಲಿ ಯಾರನ್ನಾದರೂ ಎಬ್ಬಿಸಬೇಕು. ಸಿದ್ಧಲಿಂಗೇಶ ಸಾಲಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ. ಎಬ್ಬಿಸಿದರೆ ನಾಳೆ ತನಗೆ ಯಾವ ತೊಂದರೆಯೂ ಬಾರದ ಒಂದೇ ಒಂದು ಪ್ರಾಣಿ ಅಲ್ಲಿ ಹೋಳಿಗೆ ಮುರಿಯುತ್ತ ಕೂತಿತ್ತು.

ಜನ ನಕ್ಕರು. ಕೆಟ್ಟ ಜನರೇನಲ್ಲ. ಬಾಯಲ್ಲಿ ಹೋಳಿಗೆ ಇದ್ದಾಗ ಎಂಥ ಸಜ್ಜನರಿಗೂ ನಗು ಬೇಗ ಬರುತ್ತದೆ.

ದತ್ತು ಎದ್ದ. ಅವನ ಎಲೆಯನ್ನು ಮಡಚಿ ಬಕೆಟ್ಟಿಗೆ ಹಾಕಿದರು. ತುಪ್ಪದ ಹೋಳಿಗೆಯೂ ಅದರೊಂದಿಗೇ ಹೋಯಿತು. ಎಂಜಲು ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ಅವನು ನಿಂತಿದ್ದಾಗ, ಬಡಾವಣೆಯ ಸಂಘದ ಅಧ್ಯಕ್ಷರೂ ನಿವೃತ್ತ ಅಧಿಕಾರಿಗಳೂ ಆದ ಅಪ್ಪಣ್ಣನವರು ತಲೆಯೆತ್ತಿ ಕೇಳಿದರು.

“ಯಾರ್ರೀ ಈ ಹುಡುಗ?”

“ನಮ್ಮ ಬಾಮೈದ ಸಾರ್. ಸೇಡಂ ಕಡೆ ಸುಮ್ಮನೆ ತಿರುಗ್ತಾ ಇದ್ದ, ಕರ್ಕೊಂಡ್ಬಂದು ಇಟ್ಕೊಂಡಿದೀವಿ. ಏನೋ ಬಾಟ್ಲಿ ಹೊರೋ ಕೆಲಸ ಮಾಡ್ತಾನೆ.”

ಬಾಟ್ಲಿ ಎಂದ ಕೂಡಲೇ ಎರಡೂ ಸಾಲಿನ ಕತ್ತುಗಳು ಒಟ್ಟಿಗೆ ತಿರುಗಿದವು. ಅದು ಈರುಳ್ಳಿಯನ್ನೇ ಸ್ವಲ್ಪ ಅನುಮಾನದಿಂದ ನೋಡುವ ಮನೆ. ಸಾರಿನ ಸೌಟು ಹಿಡಿದಿದ್ದ ಅಕ್ಕ ಅಮೃತಮ್ಮ ನಿಂತಲ್ಲೇ ನಿಂತಳು. ಆ ಮನೆಯಲ್ಲಿ ಮದ್ಯದ ಮಾತು ಬಂದ ದಿನ ದತ್ತು ಬೀದಿಗೆ ಬೀಳುತ್ತಾನೆ, ಅವನ ಹಿಂದೆಯೇ ಅವಳು ಗಂಡನ ಮನೆಯಲ್ಲಿ ಹನ್ನೊಂದು ವರ್ಷ ಸಂಪಾದಿಸಿದ ಮಾನವೂ ಬೀಳುತ್ತದೆ ಎಂಬುದು ಅಕ್ಕ ತಮ್ಮ ಇಬ್ಬರಿಗೂ ಗೊತ್ತಿತ್ತು.

“ಹೊರೋದಲ್ಲ ಸಾರ್,” ಎಂದ ದತ್ತು. “ಕಂಪನಿ. ದ್ರಾಕ್ಷಿ ಕಂಪನಿ. ಆರ್ಗ್ಯಾನಿಕ್. ಸರ್ಕಾರಿ ಗೊಬ್ಬರ ಹಾಕಲ್ಲ, ಔಷಧಿ ಹೊಡೆಯಲ್ಲ. ಹಣ್ಣು ಹಿಂಡಿ ಇಡ್ತೀವಿ, ತಾನಾಗೇ ಹುದುಗುತ್ತೆ. ಸಕ್ಕರೆ ಇಲ್ಲ, ಬಣ್ಣ ಇಲ್ಲ, ಒಂದು ಚಿಟಿಕೆ ಹೆಪ್ಪೂ ಹಾಕಲ್ಲ.”

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವನು ಬಿಟ್ಟದ್ದು ಒಂದೇ ಪದ.

ಅಪ್ಪಣ್ಣನವರು ಎಡಗೈಯಲ್ಲಿ ತೊಡೆ ತಟ್ಟಿದರು. “ದ್ರಾಕ್ಷಾರಿಷ್ಟ! ನಮ್ಮ ತಂದೆ ಸಾಯೋವರೆಗೂ ಕುಡಿದ್ರು ಕಣ್ರೀ. ಊಟ ಆದ್ಮೇಲೆ ಎರಡು ಚಮಚ, ಅಷ್ಟೇ ನೀರು. ಅಲ್ವೇನಪ್ಪಾ?”

ಅಲ್ಲ ಎನ್ನಲು ದತ್ತುವಿಗೆ ಸುಮಾರು ಎರಡು ಸೆಕೆಂಡು ಕಾಲಾವಕಾಶ ಇತ್ತು. ಆ ಎರಡು ಸೆಕೆಂಡಿನಲ್ಲಿ ಅವನ ಜಾಗದಲ್ಲಿ ಕೂತಿದ್ದ ಮ್ಯಾನೇಜರು ಅವನತ್ತ ನೋಡಿ ಗೌರವದಿಂದ ತಲೆಯಾಡಿಸಿಬಿಟ್ಟರು. ದತ್ತುವಿಗೆ ಹುಟ್ಟಿದಂದಿನಿಂದ ಯಾವ ಮ್ಯಾನೇಜರೂ ತಲೆಯಾಡಿಸಿರಲಿಲ್ಲ.

“ಹೌದು ಸಾರ್,” ಎಂದ. “ಆ ಥರದ್ದೇ.”

“ಸಿದ್ಧಲಿಂಗೇಶ್, ಔಷಧಿ ಕಂಪನಿ ಹುಡುಗನ್ನ ಎಬ್ಬಿಸ್ತೀರೇನ್ರೀ? ಬಾರಪ್ಪ, ಮುಂದಿನ ಪಂಕ್ತೀಲಿ ನನ್ನ ಪಕ್ಕ ಕೂತ್ಕೋ.”

ಆಡಿದ ಮಾತು ಉಳಿಸಿಕೊಳ್ಳಲು ಅಪ್ಪಣ್ಣನವರು ಅಂದು ಎರಡನೇ ಸಲವೂ ಊಟಕ್ಕೆ ಕೂತರು. ಅಧ್ಯಕ್ಷರಾದವರು ತ್ಯಾಗಕ್ಕೆ ಸಿದ್ಧರಿರಬೇಕು.

*

ದತ್ತು ನಿಜಕ್ಕೂ ಮಾಡುತ್ತಿದ್ದ ಕೆಲಸ ಇದು. ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊಸಕೋಟೆ ಕಡೆಗೆ ಹೋದರೆ ಚಂದ್ರಾಮಪ್ಪ ಎಂಬ ಮುದುಕನ ಎರಡೆಕರೆ ದ್ರಾಕ್ಷಿ ತೋಟ. ಗಂಡ, ಹೆಂಡತಿ, ಸೊಸೆ, ಇಷ್ಟೇ ಕಂಪನಿ. ಬಳ್ಳಿಗೆ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿದ ಜೀವಾಮೃತ. ಹಣ್ಣು ಕಿತ್ತು, ತುಳಿದು, ಡ್ರಮ್ಮಿಗೆ ತುಂಬಿ, ಬಟ್ಟೆ ಕಟ್ಟಿ ಬಿಡುವುದು. ಸಿಪ್ಪೆಯ ಮೇಲಿನ ಬೂದಿಯಂಥ ಬಿಳಿ ಪದರವೇ ಅದನ್ನು ಹುದುಗಿಸಿ ವೈನು ಮಾಡುತ್ತದೆ. ಚಂದ್ರಾಮಪ್ಪ ಅದಕ್ಕೆ ಲೈಸೆನ್ಸು ಮಾಡಿಸಿ, ಬಾಟಲಿಗೆ ತುಂಬಿ, ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಟಿವಿಎಸ್ ಬಂಡಿಯಲ್ಲಿ ದತ್ತುವಿನ ಕೈಲಿ ಇಂದಿರಾನಗರದ ಒಂದು ಹೋಟೆಲಿಗೆ ಕಳಿಸುತ್ತಿದ್ದ.

ಹೋಟೆಲಿನವರು ಪ್ರತಿ ವಾರ ಒಂದು ಬಾಕ್ಸು ವಾಪಸು ಮಾಡುತ್ತಿದ್ದರು. ಬಾಟಲಿಯ ತಳದಲ್ಲಿ ಮಡ್ಡಿ ಇದೆಯಂತೆ. ಗಾಜಿನಂತೆ ಹೊಳೆಯುವುದಿಲ್ಲವಂತೆ.

“ಮಡ್ಡಿ ಇರಲೇಬೇಕು!” ಎಂದು ಚಂದ್ರಾಮಪ್ಪ ತೋಟದಲ್ಲಿ ಕೂಗಾಡುತ್ತಿದ್ದ. “ಸೋಸಿದ್ರೆ ಸತ್ತೋಗ್ತದೆ ಕಣೋ! ಇದಕ್ಕೆ ಜೀವ ಐತೆ. ಚೆಲ್ಲಬೇಡ, ಬಿಸಿಲಿಗೆ ಮಾತ್ರ ಇಡಬೇಡ. ಒಳಗೇ ಕುದಿಯೋಕೆ ಶುರು ಮಾಡ್ತದೆ. ನಾಲಿಗೆ ಇರೋರು ಯಾರಾದ್ರೂ ಸಿಕ್ಕಿದ್ರೆ ಹಂಗೇ ಕೊಟ್ಬಿಡು.”

ನಾಲಿಗೆ ಇದ್ದವರು ಸಿಕ್ಕಿದರು. ಗೃಹಪ್ರವೇಶದ ಮರುದಿನವೇ ಅಪ್ಪಣ್ಣನವರು ಗೇಟಿನಲ್ಲಿ ನಿಂತು ಔಷಧಿ ಎಲ್ಲಿ ಎಂದರು. ದತ್ತು ವಾಪಸು ಬಂದ ಬಾಟಲಿಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ ಲೇಬಲ್ ಕಿತ್ತ. ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ, ದುಂಡಗೆ ಬರೆದು ಅಂಟಿಸಿದ. ‘ಊಟದ ನಂತರ ಎರಡು ಚಮಚ. ಸಮ ನೀರು.’ ಎರಡು ಚಮಚದಿಂದ ಯಾರಿಗೂ ಏನೂ ಆಗದು ಎಂಬುದು ಅವನ ಲೆಕ್ಕ. ಎಂಟನೇ ಕ್ಲಾಸಿನಲ್ಲಿ ಅವನು ಬಿಟ್ಟದ್ದೂ ಲೆಕ್ಕವನ್ನೇ.

ಮೊದಲು ಕುಡಿದವಳು ಸಿದ್ಧಲಿಂಗೇಶನ ತಾಯಿ ಶರಣವ್ವ. ಮೊಣಕಾಲು ನೋವು, ನಿದ್ದೆಯಿಲ್ಲ, ಸೊಸೆಯ ಮೇಲೆ ಸಿಟ್ಟು. ಈ ಮೂರೂ ಅವಳಿಗೆ ಹನ್ನೊಂದು ವರ್ಷದಿಂದ ಒಟ್ಟಿಗೇ ಇದ್ದವು.

“ಒಗರ ಐತಿ,” ಎಂದಳು ತುಟಿ ಒರೆಸಿಕೊಂಡು. “ಒಗರ ಇದ್ರ ಖರೇ ಔಷಧ. ಇನ್ನೆರಡು ಹಾಕು.”

ಮರುದಿನ ಬೆಳಿಗ್ಗೆ ಏಳಾದರೂ ಅವಳು ಏಳಲಿಲ್ಲ. ಮನೆಯವರು ಮೂಗಿನ ಹತ್ತಿರ ಬೆರಳಿಟ್ಟು ನೋಡಿದರು. ಎದ್ದವಳು ಸೊಸೆಯನ್ನು ಕರೆದು, “ನಿನ್ನ ಸಾರು ಛಲೋ ಆಗಿರ್ತದವ್ವ, ನಾನೇ ಹೇಳಿದ್ದಿಲ್ಲ,” ಎಂದಳು. ಅಮೃತಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತು, ಹೊರಗೆ ಬಂದು, ತಮ್ಮನ ತೋಳು ಹಿಡಿದು ಕೇಳಿದಳು.

“ಅದರಾಗ ಏನ್ ಐತೋ?”

“ದ್ರಾಕ್ಷಿ ಅಕ್ಕಾ.”

“ನನ್ನ ಆಣಿ ಮಾಡು.”

ದತ್ತು ಆಣೆ ಮಾಡದೆ ಬಂಡಿ ಹತ್ತಿದ. ಅಮೃತಮ್ಮನಿಗೆ ಅರ್ಥವಾಯಿತು. ಅಂದಿನಿಂದ ಅವಳು ನಿದ್ದೆ ಬಿಟ್ಟಳು. ಮನೆಯಲ್ಲಿ ಯಾರಾದರೊಬ್ಬರು ಎಚ್ಚರ ಇರಲೇಬೇಕಲ್ಲ.

ಒಂದೇ ತಿಂಗಳಲ್ಲಿ ವಿಷಯ ಎರಡು ಚಮಚವನ್ನು ಮೀರಿ ಹೋಯಿತು. ಚಮಚ ಎಂದು ಬರೆದಿತ್ತೇ ಹೊರತು ಯಾವ ಚಮಚ ಎಂದು ಬರೆದಿರಲಿಲ್ಲ. ಒಬ್ಬರ ಮನೆಯಲ್ಲಿ ಅದು ಟೀ ಚಮಚ, ಇನ್ನೊಬ್ಬರಲ್ಲಿ ಪಲ್ಯದ ಚಮಚ. ಅಪ್ಪಣ್ಣನವರ ಮನೆಯಲ್ಲಿ ಹುಳಿ ಬಡಿಸುವ ಸೌಟು. ಊಟದ ನಂತರ ಎಂದಿತ್ತು. ಬೆಳಗಿನ ಉಪ್ಪಿಟ್ಟನ್ನೂ ನಾಲ್ಕು ಗಂಟೆಯ ಚಕ್ಕುಲಿಯನ್ನೂ ಊಟವೆಂದೇ ಪರಿಗಣಿಸಲಾಯಿತು. ಪಾರ್ಕಿನಲ್ಲಿ ಹಿರಿಯರ ನಗೆಕೂಟವೊಂದಿತ್ತು. ಮೊದಲು ಅಲ್ಲಿ ಮೇಷ್ಟ್ರು ಶಿಳ್ಳೆ ಊದಿ ನಗಿಸಬೇಕಾಗಿತ್ತು, ಈಗ ಶಿಳ್ಳೆ ಊದಿ ನಿಲ್ಲಿಸಬೇಕಾಯಿತು.

ಮೂರನೇ ಕ್ರಾಸಿನ ಜಟ್ಟೆಮ್ಮ ಎಂಬ ಮುದುಕಿ ದಿನವೂ ಸಂಜೆ ಮುಚ್ಚಳದ ಸ್ಟೀಲ್ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು.

“ಸೆರಗಲ್ಲಿ ಯಾಕಮ್ಮಾ ಮುಚ್ಕೊಳ್ಳೋದು? ಔಷಧಿ ತಾನೆ?” ಎಂದು ದತ್ತು ಕೇಳಿದ.

“ನಮ್ಮ ಅಳಿಯಂದ್ರು ಬಲು ಸ್ಟ್ರಿಕ್ಟು ಕಣಪ್ಪ. ಮನೆಗೆ ಏನ್ ತಂದ್ರೂ ಮೂಸ್ ನೋಡ್ತಾರೆ, ಅವರ ಡ್ಯೂಟಿನೇ ಅಂಥದ್ದು. ಅದಕ್ಕೇ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದೀನಿ.”

ಅಳಿಯಂದಿರು ಏನು ಮೂಸುವ ಡ್ಯೂಟಿಯಲ್ಲಿದ್ದಾರೆ ಎಂದು ದತ್ತು ಕೇಳಲಿಲ್ಲ. ಕೇಳಬೇಕಾಗಿತ್ತು.

ಇತ್ತ ಮೆಟ್ಟಿಲ ಕೆಳಗೆ ನೀರಿನ ಮೋಟಾರಿನ ಪಕ್ಕ ಮಲಗುತ್ತಿದ್ದ ದತ್ತುವಿಗೆ ನಡುಮನೆಯ ದಿವಾನಕ್ಕೆ ಬಡ್ತಿಯಾಯಿತು. ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲಲಿದ್ದ ಸಿದ್ಧಲಿಂಗೇಶ ಮನೆಗೆ ಬಂದವರಿಗೆಲ್ಲ “ನಮ್ಮ ದತ್ತು, ಔಷಧಿ ಲೈನು” ಎಂದು ಪರಿಚಯಿಸಿದ. ದಿವಾನದ ಮೇಲೆ ಮಲಗಿ ದತ್ತು ಫ್ಯಾನನ್ನೇ ನೋಡುತ್ತಿದ್ದ. ಮೋಟಾರಿನ ಪಕ್ಕ ಅವನಿಗೆ ಇದಕ್ಕಿಂತ ಚೆನ್ನಾಗಿ ನಿದ್ದೆ ಬರುತ್ತಿತ್ತು.

*

ಮೇ ತಿಂಗಳ ಮೊದಲ ವಾರ ಕರಪತ್ರ ಅಚ್ಚಾಗಿ ಬಂತು.

‘ಹಿರಿಯ ನಾಗರಿಕರ ಆರೋಗ್ಯ ಶಿಬಿರ. ಸ್ಥಳ: ಶ್ರೀ ಸಿದ್ಧಲಿಂಗೇಶರವರ ತಾರಸಿ. ಉಚಿತ ದ್ರಾಕ್ಷಾರಿಷ್ಟ ವಿತರಣೆ: ಶ್ರೀ ದತ್ತು, ಔಷಧ ತಜ್ಞರು. ಮುಖ್ಯ ಅತಿಥಿಗಳು: ನಮ್ಮ ಬಡಾವಣೆಯವರೇ ಆದ ಶ್ರೀ ಮುನಿಶಾಮಿ, ಅಬಕಾರಿ ಇನ್ಸ್‌ಪೆಕ್ಟರ್. ಬಳಿಕ ಭೋಜನ.’

ದತ್ತುವಿನ ಹೆಸರು ಅಚ್ಚಾದದ್ದು ಇದೇ ಮೊದಲು. ಹಿಂದೆ ಶಾಲೆಯಲ್ಲಿ ಬರೆಯುತ್ತಿದ್ದರು, ಅದೂ ಸೀಮೆಸುಣ್ಣದಲ್ಲಿ, ಗೈರುಹಾಜರಾದವರ ಪಟ್ಟಿಯಲ್ಲಿ. ಆದರೆ ಅವನ ಕಣ್ಣು ತನ್ನ ಹೆಸರಿನ ಮೇಲಿರಲಿಲ್ಲ, ಅದರ ಕೆಳಗಿನ ಸಾಲಿನ ಮೇಲಿತ್ತು.

“ಮಾಮಾ,” ಎಂದ. ಅವರ ಕಡೆ ಅಕ್ಕನ ಗಂಡನನ್ನು ಕರೆಯುವುದೇ ಹಾಗೆ. “ಸ್ಟಾಕ್ ಇಲ್ಲರಿ.”

“ಸ್ಟಾಕ್ ಮುಗೀತು ಅಂದ್ರ ನೀನೂ ಮುಗದೀ ಅಂತ ತಿಳಕೋ,” ಎಂದ ಸಿದ್ಧಲಿಂಗೇಶ. ಬೆಂಗಳೂರಿನ ಮಾತು ಬಿಟ್ಟು ಊರಿನ ಮಾತಿಗೆ ಇಳಿದನೆಂದರೆ ಅವನು ನಿಜವನ್ನೇ ಹೇಳುತ್ತಿದ್ದಾನೆಂದು ಅರ್ಥ.

ಅಬಕಾರಿಯವರ ಮೂಗಿನೆದುರು ವೈನು ಬಡಿಸುವುದೆಂದರೆ ಸ್ಟೇಷನ್ನಿಗೆ ತಾನೇ ಆಟೋ ಹಿಡಿದು ಹೋದ ಹಾಗೆ. ದತ್ತುವಿಗೆ ಹೊಳೆದದ್ದು ಒಂದೇ ದಾರಿ. ನಿಜವಾದ ದ್ರಾಕ್ಷಾರಿಷ್ಟ ತಂದು ಅದೇ ಬಾಟಲಿಗಳಿಗೆ ತುಂಬಿಬಿಡುವುದು. ಅವನು ಅಲಸೂರು ಕೆರೆ ಸುತ್ತಿ ಶಿವಾಜಿನಗರಕ್ಕೆ ಹೋಗಿ, ಅಹ್ಮದ್ ಪಾಷಾ ಎಂಬವರ ಗ್ರಂಧಿಗೆ ಅಂಗಡಿಯ ಮುಂದೆ ಬಂಡಿ ನಿಲ್ಲಿಸಿದ.

“ದ್ರಾಕ್ಷಾರಿಷ್ಟ ಇದೆಯಾ ಸಾಬ್ರೇ?”

“ಇದೆ ಮಿಯಾ. ಒಂದು ಬಾಟ್ಲಿಯಾ, ಎರಡಾ?”

“ಹದಿನೆಂಟು.”

ಪಾಷಾ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಅರೆ ಭಾಯ್, ಯಾವ ಮದುವೇಲಿ ಊಟ ಮಾಡಿದ್ರಿ? ಎಷ್ಟು ಜನಕ್ಕೆ ಹೊಟ್ಟೆ ಕೆಟ್ಟಿದೆ?”

“ಅಸಲಿ ತಾನೇ?”

“ನಮ್ದು ಅಸಲಿ ಅಲ್ಲ ಅಂತ ಒಬ್ಬ ಹೇಳ್ಲಿ, ಅಂಗಡಿ ಬಾಗಿಲು ಹಾಕ್ತೀನಿ.”

ಪಾಪ, ಪಾಷಾ ಜೀವನದಲ್ಲಿ ಕಲಬೆರಕೆ ಮಾಡಿದವರಲ್ಲ. ದತ್ತು ಖಾಲಿ ಬಾಟಲಿಗಳಿಗೆಲ್ಲ ಅಸಲಿ ಔಷಧಿ ತುಂಬಿದ. ಉಳಿದಿದ್ದ ಒಂದೇ ಬಾಕ್ಸು ವೈನನ್ನು ಶಿಬಿರ ಮುಗಿದ ಕೂಡಲೇ ತೋಟಕ್ಕೆ ಮುಟ್ಟಿಸುವುದೆಂದು ಮೆಟ್ಟಿಲ ಕೆಳಗೆ ಗೋಣಿಚೀಲ ಮುಚ್ಚಿಟ್ಟ. ಎರಡು ತಿಂಗಳ ಬಳಿಕ ಅಂದು ಅವನು ಹೊಟ್ಟೆ ತುಂಬ ಉಸಿರಾಡಿದ. ನಾಳೆಯಿಂದ ತಾನು ಸುಳ್ಳನಲ್ಲ, ನಿಜವಾದ ಔಷಧ ತಜ್ಞ.

*

ಅದೇ ತಾರಸಿ, ಅದೇ ಶಾಮಿಯಾನ, ಅವೇ ಮುಖಗಳು. ಕುರ್ಚಿಗಳ ಹಿಂದೆ ಭೋಜನಕ್ಕೆ ಆಗಲೇ ಎಲೆಗಳನ್ನು ಹಾಸಿದ್ದರು. ಮುನಿಶಾಮಿ ಬಿಳಿ ಸಫಾರಿ ತೊಟ್ಟು ಬಂದು, ಆರೋಗ್ಯವೇ ಭಾಗ್ಯ ಎಂದು ಶುರುಮಾಡಿ, ಮದ್ಯಪಾನದಿಂದ ಹಾಳಾದ ಮನೆಗಳ ಕಡೆಗೆ ಹೊರಳಿ ನಲವತ್ತು ನಿಮಿಷ ಮಾತಾಡಿದರು. ಹಿರಿಯರು ತಮ್ಮ ತಮ್ಮ ಮನೆಯಿಂದ ತಂದ ಚಮಚಗಳನ್ನು ಹಿಡಿದುಕೊಂಡು ಭಕ್ತಿಯಿಂದ ಕೇಳಿದರು. ಮುಂದಿನ ಸಾಲಿನಲ್ಲಿ ಜಟ್ಟೆಮ್ಮನೂ ಇದ್ದಳು.

ದತ್ತು ಬಡಿಸಿದ. ಅಪ್ಪಣ್ಣನವರು ಸೌಟು ಎತ್ತಿ ಬಾಯಿಗೆ ಹೊಯ್ದುಕೊಂಡರು. ನುಂಗಲಿಲ್ಲ. ಅವರ ಮುಖ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಸೊಟ್ಟಗಾಯಿತು. ಹೂಕುಂಡದೊಳಕ್ಕೆ ಉಗಿದರು.

“ಇದು ಡೂಪ್ಲಿಕೇಟು!”

“ಲವಂಗ ಹಾಕವ್ರೆ,” ಎಂದಳು ಜಟ್ಟೆಮ್ಮ.

“ಬರೀ ಬೆಲ್ಲದ ಪಾಕ! ಆ ಒಗರೆಲ್ಲಿ?”

“ಎರಡು ತಿಂಗಳು ಅಸಲಿ ಕೊಟ್ಟು, ಇವತ್ತು ದೊಡ್ಡವರ ಮುಂದೆ ನಕಲಿ ಕೊಡ್ತೀಯೇನೋ?”

ಮೂವತ್ತೆಂಟು ಚಮಚಗಳು ಕುರ್ಚಿಗಳ ಮೇಲೆ ಬಡಿಯತೊಡಗಿದವು. ಶಿವಾಜಿನಗರದಲ್ಲಿ ಪಾಷಾ ಇದನ್ನು ಕೇಳಿದ್ದರೆ ಅಂದೇ ಬಾಗಿಲು ಹಾಕುತ್ತಿದ್ದರು.

“ಸಾರ್, ಇದೇ ಅಸಲಿ ಸಾರ್,” ಎಂದ ದತ್ತು. ಅವನ ಬದುಕಿನ ಅತ್ಯಂತ ಸತ್ಯವಾದ ಮಾತನ್ನು ಯಾರೂ ನಂಬಲಿಲ್ಲ.

ಆಗ ಶರಣವ್ವ ಊರುಗೋಲು ಎತ್ತಿದಳು. “ಛಲೋದು ಮೆಟ್ಟಿಲ ಕೆಳಗ ಐತಿ. ಗೋಣಿಚೀಲದಾಗ. ನಾ ಕಂಡೀನಿ.”

ಸಿದ್ಧಲಿಂಗೇಶ ಓಡಿದ. ಮರ್ಯಾದೆ ಉಳಿಸಿಕೊಳ್ಳಲು ಓಡುವ ಮನುಷ್ಯನನ್ನು ತಡೆಯುವುದು ಸುಲಭವಲ್ಲ. ಅಮೃತಮ್ಮ ಅಡ್ಡ ಬಂದಳು, ಅವಳ ಕೈಯಿಂದ ಬಿದ್ದ ಕೋಸಂಬರಿ ಪಾತ್ರೆಯನ್ನೂ ಹಾರಿ ಹೋದ. ಬಾಕ್ಸು ಹೊತ್ತು ತಂದು, ಮೇ ತಿಂಗಳ ಹನ್ನೆರಡು ಗಂಟೆಯ ಬಿಸಿಲು ನೇರ ಬೀಳುತ್ತಿದ್ದ ಮೇಜಿನ ಮೇಲೆ, ಮುಖ್ಯ ಅತಿಥಿಗಳ ಎದುರಿಗೆ ಕುಕ್ಕಿದ.

“ಮಾಮಾ, ಬಿಸಿಲಾಗ ಇಡಬ್ಯಾಡ್ರಿ...”

ಒಂದು ಬಿರಡೆ ಟಪ್ಪೆಂದು ಹಾರಿ ಶಾಮಿಯಾನದ ಅಂಚಿಗೆ ತಾಗಿ ಅಪ್ಪಣ್ಣನವರ ಬೋಳುತಲೆಯ ಮೇಲೆ ಇಳಿಯಿತು. ನೇರಳೆ ನೊರೆ ಚಿಮ್ಮಿ ಮುನಿಶಾಮಿಯವರ ಬಿಳಿ ಸಫಾರಿಯ ತೋಳಿನಿಂದ ಜೇಬಿನವರೆಗೆ ಹರಿಯಿತು.

ಮುನಿಶಾಮಿ ಒರೆಸಿಕೊಳ್ಳಲಿಲ್ಲ. ತೋಳನ್ನು ನಿಧಾನವಾಗಿ ಮೂಗಿನ ಹತ್ತಿರ ತಂದರು. ಇಪ್ಪತ್ತೆರಡು ವರ್ಷದ ಸರ್ವಿಸ್ಸೆಲ್ಲ ಆ ಮೂಗಿನಲ್ಲಿತ್ತು. ಅಮೃತಮ್ಮ ಕಂಬ ಹಿಡಿದುಕೊಂಡಳು.

“ಇದು ವೈನು.”

“ವೈನು ಅಂದ್ರೆ,” ಎಂದರು ಅಪ್ಪಣ್ಣನವರು ಆಸೆ ಬಿಡದೆ, “ಅದೂ ಒಂದು ಜಾತಿ ಅರಿಷ್ಟನೇ ಅಲ್ವೇ?”

“ಹೆಂಡ ಕಣ್ರೀ! ಹನ್ನೊಂದು ಪರ್ಸೆಂಟಿಗೆ ಕಮ್ಮಿ ಇಲ್ಲ.” ಮುನಿಶಾಮಿ ಬಾಕ್ಸಿನ ಮೇಲೆ ಅಚ್ಚಾಗಿದ್ದ ತೋಟದ ಹೆಸರು ಓದಿ, ದತ್ತುವಿನತ್ತ ತಿರುಗಿ, ಜೇಬಿನಿಂದ ಒದ್ದೆ ಡೈರಿ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು. “ಲೈಸೆನ್ಸು ತೋಟದೋರಿಗಿರಬಹುದು. ಇಲ್ಲಿ ಹಂಚೋಕೆ ನಿನಗೆ ಯಾರು ಕೊಟ್ರೋ? ಕೇಸು ಹಾಕ್ತೀನಿ. ಹೇಳಿ, ಯಾರ್ಯಾರು ಕುಡಿದಿದ್ದೀರಿ? ಸಾಕ್ಷಿ ಬೇಕು. ಒಬ್ಬೊಬ್ಬರಾಗಿ ಹೆಸರು ಹೇಳಿ.”

ಮೂವತ್ತೆಂಟು ಚಮಚಗಳು ಜೇಬು, ಸೆರಗು, ವ್ಯಾನಿಟಿ ಬ್ಯಾಗುಗಳಲ್ಲಿ ಮಾಯವಾದವು. ಎಲ್ಲರೂ ಆಕಾಶ ನೋಡತೊಡಗಿದರು. ಆಗ ಮುಂದಿನ ಸಾಲಿನಿಂದ ಜಟ್ಟೆಮ್ಮನ ಸ್ವರ ಬಂತು.

“ಅಳಿಯಂದ್ರೇ, ಹಂಗಾದ್ರೆ ನಮ್ಮನೆ ಅಕ್ಕಿ ಡಬ್ಬದಲ್ಲಿರೋದನ್ನ ಏನ್ ಮಾಡ್ಲಿ?”

ಪೆನ್ನು ನಿಂತಿತು. ಅಬಕಾರಿ ಇನ್ಸ್‌ಪೆಕ್ಟರರ ಅಡುಗೆಮನೆಯ ಅಕ್ಕಿ ಡಬ್ಬ ಎಲ್ಲರ ಕಣ್ಣ ಮುಂದೆ ಒಮ್ಮೆ ಬಂದು ಹೋಯಿತು. ಮುನಿಶಾಮಿ ಡೈರಿಯನ್ನು ಮುಚ್ಚಿ, ಒದ್ದೆ ಜೇಬಿಗೇ ವಾಪಸು ಇಳಿಸಿದರು.

“ಈ ಬಾಕ್ಸು ಈಗಿಂದೀಗಲೇ ತೋಟಕ್ಕೆ ಹೋಗಬೇಕು,” ಎಂದರು ದತ್ತುವಿಗೆ. “ಇನ್ನೊಂದ್ಸಲ ನೀನು ಈ ಏರಿಯಾದಲ್ಲಿ ಚಮಚ ಹಿಡ್ಕೊಂಡಿದ್ದು ಕಂಡ್ರೂ ಒಳಗೆ ಹಾಕ್ತೀನಿ.” ಅತ್ತೆಯ ಕೈ ಹಿಡಿದು ಊಟವೂ ಮಾಡದೆ ಇಳಿದು ಹೋದರು.

ಅವರ ಜೀಪಿನ ಸದ್ದು ತಿರುವಿನಲ್ಲಿ ಕರಗುವವರೆಗೂ ಎಲ್ಲರೂ ಕಾದರು. ಆಮೇಲೆ ಸಿಟ್ಟು ಬಂತು.

“ಹೊರಗ ನಡಿ! ಇವತ್ತೇ! ನನ್ನ ಮನಿ ಮಾನ ಬೀದಿಗಿಟ್ಟೀ!” ಎಂದು ಸಿದ್ಧಲಿಂಗೇಶ ಕಿರುಚಿದ.

“ಮೋಸ! ಎರಡು ತಿಂಗಳು ಮೋಸ!” ಎಂದರು ಅಪ್ಪಣ್ಣನವರು. ಆಮೇಲೆ ಕೈ ತೊಳೆಯುವ ನೆಪದಲ್ಲಿ ದತ್ತುವಿನ ಹತ್ತಿರ ಬಂದು ಪಿಸುಗುಟ್ಟಿದರು. “ಆ ತೋಟ ಕರೆಕ್ಟಾಗಿ ಎಲ್ಲಿ ಬರುತ್ತಪ್ಪಾ? ಸುಮ್ಮನೆ ತಿಳ್ಕೊಳ್ಳೋಣ ಅಂತ. ಅಪ್ಪಿತಪ್ಪಿ ಆ ಕಡೆ ಹೋಗಬಾರದಲ್ಲ.”

ಅವರ ಹಿಂದೆ ಕೈ ತೊಳೆಯಲು ಸಾಲು ನಿಂತಿತ್ತು. ಅಪ್ಪಿತಪ್ಪಿ ಆ ಕಡೆ ಹೋಗಬಾರದೆಂಬ ಕಾಳಜಿ ಎಲ್ಲರಿಗೂ ಇತ್ತು.

“ಉಂಡು ಹೋಗಲಿ,” ಎಂದು ಶರಣವ್ವ ಊರುಗೋಲು ಕುಟ್ಟಿದಳು. “ನನ್ನ ಮನ್ಯಾಗಿಂದ ಹಸದ ಹೊಟ್ಟೀಲೆ ಯಾರೂ ಹೋಗೂದಿಲ್ಲ. ಕೂಡೋ ದತ್ತು.”

ದತ್ತು ಕೂತ. ಹಿಂದಿನ ಸಲ ಕೂತಿದ್ದ ಅದೇ ಜಾಗ. ಅಮೃತಮ್ಮ ಬಂದು ಯಾರ ಮುಖವನ್ನೂ ನೋಡದೆ ಹೋಳಿಗೆ ಹಾಕಿ, ಅದರ ಮೇಲೆ ಎರಡು ಸೌಟು ತುಪ್ಪ ಸುರಿದಳು. ಅತ್ತೆಯೇ ಕೂಡಿಸಿದ ಎಲೆ, ಇನ್ನು ಅವಳನ್ನು ಯಾರೂ ಏನೂ ಅನ್ನುವಂತಿರಲಿಲ್ಲ. ಪಂಕ್ತಿ ತುಂಬಿತು. ಎಲ್ಲರೂ ತಲೆ ತಗ್ಗಿಸಿ ಉಣ್ಣತೊಡಗಿದರು.

ಅನ್ನ ಬರುವ ಹೊತ್ತಿಗೆ ಸಿದ್ಧಲಿಂಗೇಶ ಬಂದು ದತ್ತುವಿನ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನು ಅಷ್ಟು ಕೆಳಗೆ ಕೂತದ್ದನ್ನು ಆ ಬಡಾವಣೆ ನೋಡಿರಲಿಲ್ಲ.

“ದತ್ತೂ,” ಎಂದ ಬೆಣ್ಣೆಯಂಥ ಬೆಂಗಳೂರು ಕನ್ನಡದಲ್ಲಿ, “ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ. ನೋಡು, ಅವ್ವನಿಗೆ ಅದು ಇಲ್ದಿದ್ರೆ ನಿದ್ದೆ ಬರಲ್ಲ, ಮನೆ ಮಂದೀನೆಲ್ಲ ಎಬ್ಬಿಸ್ತಾಳೆ. ನಮ್ಮ ಮ್ಯಾನೇಜರೂ ಕೇಳ್ತಾ ಇದ್ರು. ತಿಂಗಳಿಗೆ ಎರಡೇ ಬಾಕ್ಸು. ಹಿಂದಿನ ಬಾಗಿಲಿಂದ. ಲೇಬಲ್ ಹಂಗೇ ಇರಲಿ. ಮಹಡಿ ರೂಮು ನಿಂಗೇ. ಏನಂತೀಯ?”

ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೆ ನಿಂತವು. ಹಪ್ಪಳ ಮುರಿಯುತ್ತಿದ್ದವರು ಸದ್ದಾಗದಂತೆ ಅದನ್ನು ಕೆಳಗಿಟ್ಟರು.

ದತ್ತು ಹೋಳಿಗೆಯ ಅಂಚು ಮುರಿದ. ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದ. ಇನ್ನೊಂದು ತುಂಡು ಮುರಿದ. ಹೀಗೆ ಹೋಳಿಗೆ ಪೂರ್ತಿ ಮುಗಿಯಿತು. ಎಲೆಯ ಮೇಲೆ ಉಳಿದ ತುಪ್ಪವನ್ನೂ ಬೆರಳಲ್ಲಿ ಬಳಿದು ನೆಕ್ಕಿದ. ಹೋದ ಸಲ ಬಕೆಟ್ಟಿಗೆ ಬಿಟ್ಟುಕೊಟ್ಟಂತೆ ಈ ಸಲ ಬಿಡುವಷ್ಟು ದಡ್ಡನಾಗಿರಲಿಲ್ಲ ಅವನು.

ಆಮೇಲೆ ಎದ್ದ. ಬಿಸಿ ಅನ್ನ ಎಲೆಯ ಮೇಲೆ ಹಬೆಯಾಡುತ್ತಿತ್ತು. ಪಂಕ್ತಿಯ ನಡುವೆ, ಯಾರೂ ಎಬ್ಬಿಸದೆ, ತಾನಾಗಿಯೇ ಎದ್ದ. ಕೈ ತೊಳೆದ. ಬಾಕ್ಸನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದು ಬಂಡಿಗೆ ಕಟ್ಟಿದ. ಹ್ಯಾಂಡಲಿಗೆ ಯಾರೋ ಆಗಲೇ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತೂಗುಹಾಕಿದ್ದರು, ಪೇಪರಿಗೆ ತುಪ್ಪ ಇಳಿದಿತ್ತು.

“ದತ್ತೂ! ಏನಂತೀಯೋ?” ತಾರಸಿಯ ಅಂಚಿನಿಂದ ಸಿದ್ಧಲಿಂಗೇಶ ಬಗ್ಗಿ ಕೂಗಿದ. ಅವನ ಅಕ್ಕಪಕ್ಕ ಎಂಜಲು ಕೈಗಳ ದೊಡ್ಡ ಸಾಲೇ ಬಗ್ಗಿತ್ತು.

ಬಂಡಿ ಸ್ಟಾರ್ಟ್ ಆಗಲಿಲ್ಲ. ಮೂರು ಸಲ ತುಳಿದು ನೋಡಿ, ಒಮ್ಮೆ ಭುಜ ಕೊಡವಿ, ದತ್ತು ಅದನ್ನು ತಳ್ಳಿಕೊಂಡೇ ಹಳೇ ಮದ್ರಾಸ್ ರಸ್ತೆಯ ಕಡೆಗೆ ನಡೆದ. ಬಾಕ್ಸಿನೊಳಗೆ ಇನ್ನೊಂದು ಬಿರಡೆ ಟಪ್ಪೆಂದಿತು. ಮಾತಾಡಿದ್ದು ಅದೊಂದೇ.